ಕಿಷ್ಕಿಂಧಾ ಕಾಂಡದ ಜಾಡಿನಲ್ಲಿ ಎರಡು ದಿನ: ಓದುಗರ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ರಾಮಾಯಣವನ್ನು ಪ್ರೀತಿಯಿಂದ ಓದುವ ಗೆಳೆಯರು ಗುಂಪು ಕಟ್ಟಿಕೊಂಡು ಶನಿವಾರ, ಭಾನುವಾರಗಳಂದು, ವಾನರರ ಕಿಷ್ಕಿಂಧೆಯೆಂದು ಜನ ನಂಬುವ ಆನೆಗೊಂದಿಗೆ ಬರುತ್ತಾರೆ. ಅವರಲ್ಲಿ ಬಹಳ ಮಂದಿ ಅಂಜನಾದ್ರಿಯ ಮೆಟ್ಟಿಲು ಹತ್ತಿಳಿದು, ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು, ಚೀಲದಲ್ಲಿ ತಂದ ಪುಸ್ತಕವನ್ನು ಒಮ್ಮೆಯೂ ಬಿಚ್ಚದೆ ಊರಿಗೆ ಮರಳುತ್ತಾರೆ. ಉತ್ಸಾಹದ ಕೊರತೆ ಇದಕ್ಕೆ ಕಾರಣವಲ್ಲ. ಕಥೆ ನಡೆದ ಕ್ರಮದಲ್ಲೇ ಸ್ಥಳಗಳನ್ನು ನೋಡಬೇಕೆಂಬ ಹಟದಿಂದ ಅವರು ತುಂಗಭದ್ರೆಯ ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಸುತ್ತಿ ಸುತ್ತಿ ದಿನ ಕಳೆದುಕೊಳ್ಳುತ್ತಾರೆ.

ಪರಿಹಾರ ಸರಳವಾಗಿದೆ. ಉತ್ತರ ದಡಕ್ಕೆ ಒಂದು ದಿನ, ದಕ್ಷಿಣ ದಡಕ್ಕೆ ಒಂದು ದಿನ ಮೀಸಲಿಟ್ಟು, ನದಿಯನ್ನು ಒಂದೇ ಸಲ ದಾಟಬೇಕು. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ ಆನೆಗೊಂದಿ, ಪಂಪಾ ಸರೋವರ, ಅಂಜನಾದ್ರಿ, ಚಿಂತಾಮಣಿಗಳು ಉತ್ತರ ದಡದಲ್ಲಿವೆ. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ ಹಂಪಿಯ ಕಡೆಗೆ ಸುಗ್ರೀವನ ಗುಹೆ, ಕೋದಂಡರಾಮ ದೇವಾಲಯ, ಮಾತಂಗ ಪರ್ವತ, ಮಾಲ್ಯವಂತಗಳಿವೆ. ಹೀಗೆ ಹಂಚಿಕೊಂಡರೆ ಕಥೆಯ ಕೆಲವು ಪ್ರಸಂಗಗಳು ಮಾತ್ರ ಹಿಂದುಮುಂದಾಗುತ್ತವೆ. ಅಷ್ಟನ್ನು ಸಹಿಸಿಕೊಳ್ಳಬಹುದು.

ಹಂತ 1: ತಂಡವನ್ನೂ ಪಠ್ಯವನ್ನೂ ಮೊದಲು ಗೊತ್ತುಮಾಡಿಕೊಳ್ಳಿ

ಹನ್ನೆರಡು ಜನರಿಗಿಂತ ದೊಡ್ಡ ತಂಡ ಬೇಡ. ಹದಿನೈದು, ಇಪ್ಪತ್ತು ಜನರಾದರೆ ಬಂಡೆಗಳ ನಡುವೆ ಒಬ್ಬರ ಓದು ಎಲ್ಲರಿಗೂ ಕೇಳಿಸುವುದಿಲ್ಲ. ಮುಂದೆ ಹೋದವರು ಹಿಂದಿನವರಿಗೆ ಕಾಯುವುದರಲ್ಲೇ ಬೆಳಗಿನ ತಂಪು ಮುಗಿದುಹೋಗುತ್ತದೆ. ತಂಡದ ಮುಂದೆ ನಡೆಯುವವರೊಬ್ಬರು, ಎಲ್ಲರಿಗಿಂತ ಹಿಂದೆ ಬರುವವರೊಬ್ಬರು, ಹಣ ನೋಡಿಕೊಳ್ಳುವವರೊಬ್ಬರು, ಹೊತ್ತು ನೋಡಿ ಎಬ್ಬಿಸುವವರೊಬ್ಬರು ಎಂದು ಹೊರಡುವ ಮೊದಲೇ ಹೆಸರು ಹಿಡಿದು ನಿಗದಿ ಮಾಡಬೇಕು. ಹಿಂದೆ ಬರುವವರಿಗಿಂತ ಹಿಂದೆ ಯಾರೂ ಉಳಿಯಬಾರದೆಂಬ ಒಂದು ನಿಯಮವನ್ನು ಪಾಲಿಸಿದರೂ ಅರ್ಧ ಗೊಂದಲ ತಪ್ಪುತ್ತದೆ.

ಎಲ್ಲರೂ ಒಂದೇ ಆವೃತ್ತಿಯ ಪಠ್ಯವನ್ನು ತರಬೇಕು. ಪ್ರಚಲಿತ ಪಾಠದ ಕಿಷ್ಕಿಂಧಾ ಕಾಂಡದಲ್ಲಿ 67 ಸರ್ಗಗಳಿವೆ. ಆದರೆ ಪರಿಷ್ಕೃತ ಆವೃತ್ತಿಗಳಲ್ಲಿ ಸರ್ಗಗಳ ಎಣಿಕೆ ಒಂದೆರಡು ಅಂಕೆ ಹಿಂದೆ ಮುಂದೆ ಆಗಿರುತ್ತದೆ. ಒಬ್ಬರು ಹದಿನೇಳನೆಯ ಸರ್ಗವೆಂದು ಪುಟ ತೆರೆದರೆ ಇನ್ನೊಬ್ಬರ ಪುಸ್ತಕದಲ್ಲಿ ಬೇರೆಯೇ ಪ್ರಸಂಗ ಸಿಗುತ್ತದೆ, ಹುಡುಕುವುದರಲ್ಲಿ ಓದಿನ ಹದ ಕೆಡುತ್ತದೆ. ಇಲ್ಲಿ ನಾನು ಕೊಡುವ ಸಂಖ್ಯೆಗಳೆಲ್ಲ ಪ್ರಚಲಿತ ಪಾಠದವು.

ಪ್ರತಿ ತಾಣಕ್ಕೆ ಹತ್ತು ಹನ್ನೆರಡು ಶ್ಲೋಕಗಳನ್ನು ಆರಿಸಿ, ಅರ್ಥದೊಡನೆ ದಪ್ಪ ಅಕ್ಷರದಲ್ಲಿ ಮುದ್ರಿಸಿಕೊಳ್ಳಿ. ಬೆಟ್ಟಗಳ ನಡುವೆ ಮೊಬೈಲ್ ಸಿಗ್ನಲ್ ಆಗಾಗ ಕೈಕೊಡುತ್ತದೆ, ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ. ಇಡೀ ಸರ್ಗ ಓದುತ್ತೇವೆಂದು ಹೊರಡುವುದು ತಂಡಗಳು ಮತ್ತೆ ಮತ್ತೆ ಮಾಡುವ ತಪ್ಪು. ಪಂಪೆಯ ವರ್ಣನೆಯಿರುವ ಮೊದಲ ಸರ್ಗವೊಂದರಲ್ಲೇ ನೂರಕ್ಕೂ ಹೆಚ್ಚು ಶ್ಲೋಕಗಳಿವೆ. ಸಂಸ್ಕೃತ ಕಷ್ಟವೆನಿಸುವ ತಂಡಗಳು ಭಾಮಿನಿ ಷಟ್ಪದಿಯಲ್ಲಿರುವ ತೊರವೆ ರಾಮಾಯಣವನ್ನು ಆರಿಸಿಕೊಳ್ಳಬಹುದು. ಗಮಕದಲ್ಲಿ ನಡೆಯುವಂತೆ ಒಬ್ಬರು ವಾಚಿಸಿ, ಇನ್ನೊಬ್ಬರು ವ್ಯಾಖ್ಯಾನ ಮಾಡುವ ಜೋಡಿಯನ್ನು ಪ್ರತಿ ತಾಣಕ್ಕೂ ಮುಂಚೆಯೇ ಗೊತ್ತುಮಾಡಿ. ಸ್ಥಳಕ್ಕೆ ಹೋದ ಮೇಲೆ "ಯಾರು ಓದುತ್ತೀರಿ?" ಎಂದು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹಂತ 2: ದಿನಾಂಕ ಆರಿಸುವುದು

ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಅವಧಿ ಒಳ್ಳೆಯದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾದ ಬಂಡೆಗಳು ಸಂಜೆಯಾದರೂ ಧಗೆ ಕಾರುತ್ತಿರುವುದರಿಂದ ಆ ತಿಂಗಳುಗಳಲ್ಲಿ ಕುಳಿತು ಓದುವ ಮಾತೇ ಇಲ್ಲ.

ಒಳ್ಳೆಯ ಅವಧಿಯಲ್ಲೂ ಬಿಡಬೇಕಾದ ದಿನಗಳಿವೆ. ಡಿಸೆಂಬರ್ ಸುಮಾರಿಗೆ ಹನುಮಮಾಲೆ ಧರಿಸಿದವರು ಮಾಲೆ ವಿಸರ್ಜಿಸಲು ಅಂಜನಾದ್ರಿಗೆ ಸಾಗರದಂತೆ ಬರುತ್ತಾರೆ. ಅದು ಅವರ ವ್ರತದ ದಿನ, ಓದುಗರ ತಂಡ ಅಂದು ಅಡ್ಡಿಯಾಗಬಾರದು. ಹಂಪಿ ಉತ್ಸವ, ಆನೆಗೊಂದಿ ಉತ್ಸವಗಳ ದಿನಾಂಕಗಳನ್ನೂ ಮೊದಲೇ ನೋಡಿಕೊಳ್ಳಿ, ಏಕೆಂದರೆ ಆ ದಿನಗಳಲ್ಲಿ ಕೋಣೆಯೂ ಸಿಗುವುದಿಲ್ಲ, ವಾಹನ ನಿಲ್ಲಿಸಲು ಜಾಗವೂ ಸಿಗುವುದಿಲ್ಲ.

ಮಳೆಗಾಲದ ವರ್ಣನೆಯನ್ನು ಮಳೆಗಾಲದಲ್ಲೇ ಓದಬೇಕೆಂಬ ಆಸೆ ಸಹಜ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಬರುವುದಾದರೆ ತುಂಗಭದ್ರಾ ಜಲಾಶಯದ ಸುದ್ದಿಯನ್ನು ದಿನವೂ ಗಮನಿಸಬೇಕು. ಜಲಾಶಯದ ಪೂರ್ಣಮಟ್ಟ 1,633 ಅಡಿ. ಮಟ್ಟ ಅದರ ಹತ್ತಿರ ಬಂದು ಒಳಹರಿವು ಹೆಚ್ಚಿದ್ದರೆ 33 ಕ್ರಸ್ಟ್‌ಗೇಟ್‌ಗಳಲ್ಲಿ ಕೆಲವನ್ನು ಯಾವಾಗ ಬೇಕಾದರೂ ತೆರೆಯಬಹುದು. 2024ರ ಆಗಸ್ಟ್‌ನಲ್ಲಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ನದಿಗೆ ನೀರು ಹಠಾತ್ತನೆ ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ, ಹೊಳೆಯ ನಡುಗಡ್ಡೆಯಲ್ಲಿರುವ ನವಬೃಂದಾವನಕ್ಕೆ ಹೋಗಲಾಗುವುದಿಲ್ಲ, ಹಂಪಿಯ ಪುರಂದರ ಮಂಟಪ ಮುಳುಗುತ್ತದೆ.

ಹಂತ 3: ದಾರಿ ಮತ್ತು ವಸತಿ

ಶುಕ್ರವಾರ ರಾತ್ರಿಯೇ ಉತ್ತರ ದಡ ಸೇರಿಕೊಳ್ಳುವುದು ಈ ಯೋಜನೆಯ ಬೆನ್ನೆಲುಬು. ಶನಿವಾರ ಬೆಳಿಗ್ಗೆ ಊರು ಬಿಟ್ಟು ಹತ್ತು ಗಂಟೆಗೆ ಬೆಟ್ಟದ ಬುಡ ಮುಟ್ಟಿದ ತಂಡ ಆ ದಿನವನ್ನು ಕಳೆದುಕೊಂಡಂತೆಯೇ.

ಬಳ್ಳಾರಿಯವರಿಗೆ ಕುರುಗೋಡು, ಕಂಪ್ಲಿ ಮಾರ್ಗವಾಗಿ ಗಂಗಾವತಿ ಹತ್ತಿರ. ಆದರೆ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ದಾರಿಯಲ್ಲಿರುವ ನದಿ ಸೇತುವೆ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುತ್ತದೆ. ಮಳೆಗಾಲದಲ್ಲಿ ಅದನ್ನು ನಂಬಿ ಹೊರಡದೆ, ಹೊಸಪೇಟೆಯ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ರಾಯಚೂರಿನವರು ಮಾನ್ವಿ, ಸಿಂಧನೂರು, ಕಾರಟಗಿ ಮೂಲಕ ಬರುತ್ತಾರೆ. ಕೊಪ್ಪಳದವರು ಗಂಗಾವತಿಯ ಮೇಲೆ ಬರಬಹುದು, ಇಲ್ಲವೇ ಮುನಿರಾಬಾದ್ ಕಡೆಯಿಂದ ಸಣಾಪುರದ ದಾರಿ ಹಿಡಿಯಬಹುದು. ಮುನಿರಾಬಾದ್ ಪಕ್ಕದ ಹುಲಿಗಿಯಲ್ಲಿ ಹುಣ್ಣಿಮೆಯ ಜನಸಂದಣಿ ಇದ್ದರೆ ಮೊದಲನೆಯದೇ ಮೇಲು. ದೂರದ ಊರುಗಳಿಂದ ರೈಲಿನಲ್ಲಿ ಬರುವವರಿಗೆ ಹೊಸಪೇಟೆ ನಿಲ್ದಾಣ ಅನುಕೂಲ.

ಹಳೆಯ ಪ್ರವಾಸಿ ಪುಸ್ತಕಗಳನ್ನು ನೋಡಿ ವಿರೂಪಾಪುರ ಗಡ್ಡೆಯಲ್ಲಿ ಉಳಿಯುತ್ತೇವೆಂದು ಬರುವವರು ಈಗಲೂ ಇದ್ದಾರೆ. ಅಲ್ಲಿನ ಅನಧಿಕೃತ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ತೆರವುಗೊಳಿಸಲಾಗಿದೆ. ಆನೆಗೊಂದಿ, ಹನುಮನಹಳ್ಳಿ, ಸಣಾಪುರಗಳ ಹೋಂಸ್ಟೇಗಳಲ್ಲಿ ಉಳಿಯುವುದಾದರೆ ಪರವಾನಗಿ ಇದೆಯೇ ಎಂದು ಕೇಳಿ ತಿಳಿದುಕೊಂಡೇ ಮುಂಗಡ ಕೊಡಬೇಕು. ಸಂದೇಹವಿದ್ದರೆ ಗಂಗಾವತಿಯ ಲಾಡ್ಜ್‌ಗಳೇ ಸಾಕು. ಆನೆಗೊಂದಿ ಅಲ್ಲಿಂದ ಅರ್ಧ ಗಂಟೆಯ ದಾರಿ.

ಹಂತ 4: ಜೊತೆಗಿರಬೇಕಾದ ಸಾಮಗ್ರಿ

ಒಬ್ಬೊಬ್ಬರಿಗೂ ಕನಿಷ್ಠ ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣಗಳು, ಟೋಪಿ, ಅಡಿ ಜಾರದ ಬೂಟು, ಟಾರ್ಚು, ಒಂದು ಸೀಟಿ, ಚಿಲ್ಲರೆ ಹಣ, ಮೊದಲೇ ಇಳಿಸಿಕೊಂಡ ನಕ್ಷೆ ಇವಿಷ್ಟು ಸಾಕು. ಚಪ್ಪಲಿ ಹಾಕಿಕೊಂಡು ಬಂಡೆ ಹತ್ತುವುದು ಬೇಡ.

ಚೀಲದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಂಜನಾದ್ರಿಯ ಕೋತಿಗಳು ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಸಾಕು, ಹಿಂದಿನಿಂದ ಬಂದು ಒಂದೇ ಏಟಿಗೆ ಕಸಿಯುತ್ತವೆ. ಕೈಯಲ್ಲಿ ನೀರಿನ ಬಾಟಲಿ ಹಿಡಿದಿದ್ದರೆ ಎದುರಿಗೆ ಬಂದು ಕುಳಿತು, ಎರಡೂ ಕೈಗಳಿಂದ ಅದನ್ನು ಹಿಡಿದೆಳೆದು, ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದು ಕುಡಿಯುತ್ತವೆ. ಬೆನ್ನಿಗೆ ಹಾಕುವ ಜಿಪ್ಪಿನ ಚೀಲದೊಳಗೆ ಎಲ್ಲವನ್ನೂ ಇಟ್ಟುಕೊಳ್ಳಿ, ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ, ತಿನಿಸನ್ನು ಬೆಟ್ಟಕ್ಕೆ ಒಯ್ಯಲೇಬೇಡಿ. ಕೋತಿ ಕಸಿದ ವಸ್ತುವಿಗಾಗಿ ಜಗ್ಗಾಡಬೇಡಿ. ಕಚ್ಚಿದರೆ ಗಾಯವನ್ನು ಸೋಪು, ನೀರಿನಿಂದ ಚೆನ್ನಾಗಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು.

ಹಂತ 5: ಶನಿವಾರ, ಉತ್ತರ ದಡ

ಶನಿವಾರ ಹನುಮಂತನ ವಾರವಾದ್ದರಿಂದ ಅಂಜನಾದ್ರಿಯಲ್ಲಿ ಹೊತ್ತೇರಿದಂತೆ ಜನ ಹೆಚ್ಚುತ್ತಾರೆ. ಬೆಳಕು ಹರಿಯುವಷ್ಟರಲ್ಲಿ ಚಿಕ್ಕರಾಂಪುರದ ಬಳಿ ಬೆಟ್ಟದ ಬುಡದಲ್ಲಿರಬೇಕು. ಸುಮಾರು 575 ಮೆಟ್ಟಿಲುಗಳಿವೆ. ಮೊಣಕಾಲು ನೋವಿರುವವರನ್ನು ಒತ್ತಾಯಿಸದೆ ಕೆಳಗೇ ಕೂರಿಸಿ, ಅವರೊಡನೆ ಒಬ್ಬರನ್ನು ಬಿಡಿ. ಮೇಲೆ ದೇವರ ದರ್ಶನ ಮಾಡಿಕೊಂಡು, ಗುಡಿಯ ಬಾಗಿಲಿಗೆ ಅಡ್ಡವಾಗದಂತೆ ದೂರದ ಬಂಡೆಯ ಮೇಲೆ ಕುಳಿತು 66ನೆಯ ಸರ್ಗದ ಆಯ್ದ ಭಾಗ ಓದಿ. ಸಮುದ್ರ ದಾಟಲು ಯಾರಿಗೂ ಧೈರ್ಯ ಸಾಲದೆ ಎಲ್ಲರೂ ಕುಗ್ಗಿ ಕುಳಿತಾಗ ಜಾಂಬವಂತನು ಹನುಮಂತನಿಗೆ ಅವನ ಹುಟ್ಟಿನ ಕಥೆಯನ್ನೂ ಬಲವನ್ನೂ ನೆನಪಿಸುವ ಸರ್ಗವದು. ಕಥೆಯ ಕೊನೆಯ ಭಾಗವನ್ನು ಮೊದಲು ಓದಿದಂತಾಗುತ್ತದೆ ನಿಜ. ಬಿಸಿಲೇರುವ ಮುನ್ನ ಬೆಟ್ಟ ಮುಗಿಸಬೇಕಾದ್ದರಿಂದ ಬೇರೆ ದಾರಿಯಿಲ್ಲ.

ಹನುಮಂತನ ಜನ್ಮಸ್ಥಳ ಇದೋ ತಿರುಮಲದ ಬೆಟ್ಟವೋ ಎಂಬ ವಾದ 2021ರಲ್ಲಿ ಜೋರಾಗಿ ನಡೆಯಿತು. ಆ ಚರ್ಚೆಯನ್ನು ಮೆಟ್ಟಿಲುಗಳ ಮೇಲೆ, ಭಕ್ತರ ನಡುವೆ ತೆಗೆಯಬೇಡಿ. ತಂಡದಲ್ಲಿ ಅಂಥ ಚರ್ಚೆ ಬಯಸುವವರಿದ್ದರೆ ರಾತ್ರಿ ಊಟದ ಹೊತ್ತಿಗೆ ಇಟ್ಟುಕೊಳ್ಳಲಿ.

ಕೆಳಗಿಳಿದು ತಿಂಡಿ ಮುಗಿಸಿ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಿಗುವ ಕಡೆ ಹೊಟ್ಟೆ ತುಂಬುತ್ತದೆ. ಆದರೆ ಬಿಸಿಲಿಗೆ ಹೊರಡುವ ಮುನ್ನ ಮಿರ್ಚಿಯನ್ನು ಮಿತಿಯಲ್ಲಿಡುವುದು ಲೇಸು.

ಅನಂತರ ಪಂಪಾ ಸರೋವರ. ಓದುಗರು ಹೆಚ್ಚು ನಿರಾಶರಾಗುವ ತಾಣ ಇದೇ ಆದ್ದರಿಂದ ಮುಂಚೆಯೇ ಮನಸ್ಸನ್ನು ಸಿದ್ಧಪಡಿಸಿಕೊಳ್ಳಬೇಕು. ಕಾವ್ಯದ ಪಂಪೆ ಚೈತ್ರಮಾಸದ ಹೂವು, ದುಂಬಿ, ಕೋಗಿಲೆಗಳಿಂದ ತುಂಬಿದ ವಿಶಾಲ ಸರಸ್ಸು. ಕಣ್ಣಿಗೆ ಬೀಳುವುದು ಬೆಟ್ಟಗಳ ಮಡಿಲಿನಲ್ಲಿ ಕಟ್ಟೆ ಕಟ್ಟಿದ ಚಿಕ್ಕ ಕೊಳ, ಪಕ್ಕದಲ್ಲಿ ಲಕ್ಷ್ಮಿಯ ಗುಡಿ, ಶಬರಿಯ ಗುಹೆಯೆಂದು ತೋರಿಸುವ ತಾಣ. ಮೊದಲು ಕೊಳವನ್ನು ಸುಮ್ಮನೆ ಸುತ್ತಿ ನೋಡಿ, ಬಳಿಕ ನೆರಳಿನಲ್ಲಿ ಕುಳಿತು ಓದಲು ಆರಂಭಿಸಿ. ಶಬರಿಯ ಪ್ರಸಂಗ ಅರಣ್ಯಕಾಂಡದ ಕೊನೆಯಲ್ಲಿ, 74ನೆಯ ಸರ್ಗದಲ್ಲಿದೆ. ಅದರಿಂದ ಕೆಲವು ಶ್ಲೋಕ, ಕಿಷ್ಕಿಂಧಾ ಕಾಂಡದ ಮೊದಲ ಸರ್ಗದಿಂದ ಕೆಲವು ಶ್ಲೋಕ ಸೇರಿಸಿದರೆ ಕಥೆಯ ಹೊಸ್ತಿಲಲ್ಲಿ ನಿಂತಂತಾಗುತ್ತದೆ. ಹನುಮನಹಳ್ಳಿಯ ಕಡೆಗೆ, ಸುಗ್ರೀವನು ವಾಲಿಗೆ ಹೆದರಿ ನೆಲೆಸಿದ್ದ ಋಷ್ಯಮೂಕ ಬೆಟ್ಟವನ್ನು ತೋರಿಸುತ್ತಾರೆ. ಅದು ಕಾಣುವಂಥ ಜಾಗದಲ್ಲಿ ನಿಂತು, ಭಿಕ್ಷುವೇಷದಲ್ಲಿ ಬಂದ ಹನುಮಂತನ ಮಾತಿನ ಸೊಗಸನ್ನು ರಾಮನು ಲಕ್ಷ್ಮಣನ ಮುಂದೆ ಕೊಂಡಾಡುವ 3ನೆಯ ಸರ್ಗವನ್ನು ಓದಬಹುದು.

ಹನ್ನೆರಡರಿಂದ ಮೂರೂವರೆಯವರೆಗೆ ಊಟ, ವಿಶ್ರಾಂತಿ. ಈ ಬಿಡುವನ್ನು ಕಡಿತ ಮಾಡಿ ಇನ್ನೊಂದು ತಾಣ ಸೇರಿಸುವ ತಂಡಗಳು ಸಂಜೆಯ ಓದಿಗೆ ಶಕ್ತಿಯಿಲ್ಲದೆ ಕೂರುತ್ತವೆ.

ಸಂಜೆಗೆ ಎರಡು ತಾಣ. ಮೊದಲು ದುರ್ಗಾದೇವಿಯ ಗುಡಿಯಿರುವ ಬೆಟ್ಟದ ವಾಲಿ ಕೋಟೆ; ಇಲ್ಲಿ ಓದಬೇಕಿಲ್ಲ, ಕೋಟೆಯ ಗೋಡೆ ನೋಡಿಕೊಂಡು ಬೆಳಕಿರುವಾಗಲೇ ಇಳಿಯಬೇಕು. ಈ ಬೆಟ್ಟಸಾಲಿನಲ್ಲಿ ಚಿರತೆಗಳಿವೆ, ಮನುಷ್ಯರ ಮೇಲೆ ದಾಳಿ ನಡೆದದ್ದೂ ಉಂಟು.

ಎರಡನೆಯದು ಆನೆಗೊಂದಿಯ ಹೊಳೆದಂಡೆಯ ಚಿಂತಾಮಣಿ. ರಾಮನು ವಾಲಿಗೆ ಬಾಣ ಬಿಟ್ಟ ತಾಣವೆಂದು ಊರವರು ತೋರಿಸುವ ಜಾಗವಿದು. ಎರಡು ದಿನಗಳ ಓದಿನಲ್ಲಿ ಅತಿ ಮುಖ್ಯವಾದದ್ದು ಇಲ್ಲಿ ನಡೆಯಬೇಕೆಂದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಕನಿಷ್ಠ ಒಂದು ಗಂಟೆಯನ್ನು ಇದಕ್ಕೆ ಕಾದಿರಿಸಿ. 16ನೆಯ ಸರ್ಗದ ಕೊನೆಯಲ್ಲಿ ವಾಲಿ ಬೀಳುತ್ತಾನೆ. 17ರಲ್ಲಿ ನೆಲಕ್ಕೆ ಒರಗಿದ ವಾಲಿ, ಬೇರೊಬ್ಬನೊಡನೆ ಹೋರಾಡುತ್ತಿದ್ದ ನನ್ನನ್ನು ಮರೆಯಲ್ಲಿ ನಿಂತು ಏಕೆ ಹೊಡೆದೆ ಎಂದು ರಾಮನನ್ನು ನೇರವಾಗಿ ಪ್ರಶ್ನಿಸುತ್ತಾನೆ. 18ರಲ್ಲಿ ರಾಮನ ಉತ್ತರವಿದೆ. ವಾಲಿಯ ಮಾತನ್ನು ಒಬ್ಬರು, ರಾಮನ ಮಾತನ್ನು ಇನ್ನೊಬ್ಬರು ಓದಲಿ. ಬಯಲಾಟದ ರೂಢಿಯಿರುವ ಊರಿನವರು ತಂಡದಲ್ಲಿದ್ದರೆ ವಾಲಿಯನ್ನು ಅವರಿಗೇ ಕೊಡಿ. ಆ ಆಕ್ಷೇಪಗಳಿಗೆ ತುಂಬುಕಂಠ ಬೇಕು.

ಇಲ್ಲಿ ಆಗುವ ತಪ್ಪು ಒಂದೇ: 17 ಮುಗಿದ ಕೂಡಲೇ ತಂಡ ವಾದಕ್ಕೆ ಇಳಿದುಬಿಡುತ್ತದೆ, 18 ಓದದೆ ಉಳಿಯುತ್ತದೆ. ಎರಡೂ ಸರ್ಗಗಳ ಆಯ್ದ ಭಾಗ ಮುಗಿಯುವವರೆಗೆ ಯಾರೂ ಮಾತಾಡಬಾರದೆಂದು ಮೊದಲೇ ಹೇಳಿ. ಓದು ಮುಗಿದ ಮೇಲೆ ಮನಸಾರೆ ವಾದಿಸಿ. ಹೊಳೆಯಲ್ಲಿ ಕಾಲಿಡುವುದು ಬೇಡ. ನೀರು ಶಾಂತವಾಗಿ ಕಂಡರೂ ಬಂಡೆಗಳ ಸಂದಿಯಲ್ಲಿ ಸೆಳೆತ ಬಲವಾಗಿದೆ. ಸಣಾಪುರದ ಕೆರೆ, ಕಾಲುವೆಗಳ ಬಳಿಯೂ ಇದೇ ಮಾತು. ಕತ್ತಲಾದ ಮೇಲೆ ಕಾಲುವೆಯ ದಂಡೆಗೆ ಹೋಗಲೇಬೇಡಿ. 2025ರ ಮಾರ್ಚ್‌ನಲ್ಲಿ ಅಲ್ಲಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ಘೋರ ದಾಳಿ ನಡೆದಿತ್ತು.

ಹಂತ 6: ನದಿ ದಾಟುವುದು

ಭಾನುವಾರ ಬೆಳಿಗ್ಗೆ ಆನೆಗೊಂದಿಯಿಂದ ತಳವಾರಘಟ್ಟಕ್ಕೆ ದೋಣಿಯಲ್ಲಿ ದಾಟಿ. ವಾಹನವನ್ನು ಚಾಲಕರು ಕಡೆಬಾಗಿಲು–ಬುಕ್ಕಸಾಗರ ಸೇತುವೆಯ ಮೂಲಕ ಸುತ್ತಿ ತರಲಿ. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದುಬಿದ್ದಿದೆ. ನಕ್ಷೆಯಲ್ಲಿ ಗೆರೆ ಕಂಡರೂ ಆ ದಾರಿಯಲ್ಲಿ ವಾಹನ ಹೋಗುವುದಿಲ್ಲ.

ಜೀವರಕ್ಷಕ ಜಾಕೆಟ್ ಕೊಡದ ದೋಣಿಯನ್ನು ಹತ್ತಬೇಡಿ. ನೀರು ಕೆಂಪಗೆ ತಿರುಗಿ ಕಸಕಡ್ಡಿ ತೇಲಿಬರುತ್ತಿದ್ದರೆ, ಹಿಂದಿನ ದಿನ ಕಂಡ ಮೆಟ್ಟಿಲು ಇಂದು ಕಾಣದಿದ್ದರೆ, ದೋಣಿಯವರು ದೋಣಿಯನ್ನು ದಡಕ್ಕೆಳೆದು ಕಟ್ಟಿದ್ದರೆ, ಹೆಚ್ಚು ಹಣದ ಆಸೆ ತೋರಿಸಿ ಒಪ್ಪಿಸಲು ಹೋಗದೆ ಎಲ್ಲರೂ ಸೇತುವೆಯ ದಾರಿಯಲ್ಲೇ ಹೊರಡಿ. ಹರಗೋಲಿನಲ್ಲಿ ನಡುನೀರಿನಲ್ಲಿ ತಿರುಗಿಸುವ ಆಟಕ್ಕೆ ಒಪ್ಪಬೇಡಿ.

ಹಂತ 7: ಭಾನುವಾರ, ದಕ್ಷಿಣ ದಡ

ತಳವಾರಘಟ್ಟದ ಸಮೀಪ ನಿಂಬಾಪುರದಲ್ಲಿ ವಾಲಿಯ ಸಂಸ್ಕಾರ ನಡೆದ ಜಾಗವೆಂದು ಜನ ನಂಬುವ ಬೂದಿಯಂಥ ದಿಬ್ಬವಿದೆ. ಬಳ್ಳಾರಿ ಸೀಮೆಯಲ್ಲಿ ಕುಡತಿನಿಯೂ ಸೇರಿದಂತೆ ಹಲವೆಡೆ ಇರುವ ಬೂದಿದಿಬ್ಬಗಳು ನವಶಿಲಾಯುಗದ ಜನ ಸಗಣಿಯ ರಾಶಿ ಸುಟ್ಟದ್ದರಿಂದ ಆದವೆಂದು ಪುರಾತತ್ವಜ್ಞರು ತೋರಿಸಿದ್ದಾರೆ. ದಿಬ್ಬವನ್ನು ತುಳಿಯದೆ, ಬೂದಿಯನ್ನು ತೆಗೆದುಕೊಳ್ಳದೆ ನೋಡಿಕೊಂಡು ಮುಂದೆ ಸಾಗಿ.

ವಿಠ್ಠಲ ದೇವಾಲಯ ಈ ಕಥೆಯ ಭಾಗವಲ್ಲ. ಒಳಗೆ ಹೋದರೆ ಎರಡು ಗಂಟೆ ಕಳೆಯುವುದು ಗೊತ್ತೇ ಆಗುವುದಿಲ್ಲ. ಅದಕ್ಕೆಂದೇ ಇನ್ನೊಮ್ಮೆ ಬನ್ನಿ. ಅಲ್ಲಿಂದ ಹೊಳೆಯ ಪಕ್ಕದ ಕಾಲುದಾರಿಯಲ್ಲಿ ಪಶ್ಚಿಮಕ್ಕೆ ನಡೆದರೆ ಸುಗ್ರೀವನ ಗುಹೆ ಸಿಗುತ್ತದೆ. ಗುಹೆಯ ಹತ್ತಿರದ ಬಂಡೆಯ ಮೇಲೆ ಹಾಸಿದ ಬಟ್ಟೆಯ ಅಂಚಿನಂತೆ ಉದ್ದಕ್ಕೆ ಹರಿದಿರುವ ಬಿಳಿಯ ಪಟ್ಟೆಯನ್ನು ಸೀತೆಯ ಸೆರಗಿನ ಗುರುತೆಂದು ತೋರಿಸುತ್ತಾರೆ. ಅದರ ಮುಂದೆ ಕುಳಿತು 6ನೆಯ ಸರ್ಗ ಓದಬೇಕು. ಸೀತೆ ಮೇಲಿನಿಂದ ಎಸೆದ ಆಭರಣಗಳನ್ನು ಸುಗ್ರೀವನು ಗುಹೆಯಿಂದ ತಂದು ತೋರಿಸುವುದೂ, ರಾಮನ ಕಣ್ಣು ಮಂಜಾಗುವುದೂ, ದಿನವೂ ಪಾದಕ್ಕೆರಗುತ್ತಿದ್ದುದರಿಂದ ತನಗೆ ಕಾಲಂದುಗೆಗಳ ಗುರುತು ಮಾತ್ರ ಸಿಗುತ್ತದೆಂದು ಲಕ್ಷ್ಮಣ ಹೇಳುವುದೂ ಈ ಭಾಗದಲ್ಲಿವೆ. ಇಲ್ಲಿ ವ್ಯಾಖ್ಯಾನ ಚುಟುಕಾಗಿರಲಿ.

ಮುಂದಿನದು ಚಕ್ರತೀರ್ಥದ ಕೋದಂಡರಾಮ ದೇವಾಲಯ. ಸುಗ್ರೀವನ ಪಟ್ಟಾಭಿಷೇಕದ ತಾಣವೆಂಬ ನಂಬಿಕೆ ಇಲ್ಲಿನದು, ಆದ್ದರಿಂದ 26ನೆಯ ಸರ್ಗ. ದುಂದುಭಿ ಎಂಬ ಅಸುರನ ಕಥೆಯೂ, ವಾಲಿ ಈ ಕಡೆಗೆ ಕಾಲಿಡದಂತೆ ಮತಂಗ ಮುನಿ ಕೊಟ್ಟ ಶಾಪವೂ ಇರುವ 11ನೆಯ ಸರ್ಗವನ್ನೂ ಮಾತಂಗ ಪರ್ವತವನ್ನು ನೋಡುತ್ತಾ ಇಲ್ಲೇ ಓದಿಕೊಳ್ಳಿ. ಆ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಪರ್ವತ ಹತ್ತುವ ಆಲೋಚನೆಯನ್ನು ಬಿಟ್ಟುಬಿಡಿ.

ಊಟದ ಬಳಿಕ ವಾಹನದಲ್ಲಿ ಕಂಪ್ಲಿ ರಸ್ತೆಯ ಮಾಲ್ಯವಂತ ರಘುನಾಥ ದೇವಾಲಯಕ್ಕೆ ಹೋಗಿ, ನಾಲ್ಕು ಗಂಟೆಗೆ ಅಲ್ಲಿರಬೇಕು. ಸಾಧುಗಳು ಪಾರಾಯಣ ಮಾಡುವ ಮಂಟಪದಲ್ಲಿ ನಿಮ್ಮ ಓದು ಬೇಡ. ದೇವಾಲಯದ ಹಿಂದೆ, ಸೀಳಿದ ಬಂಡೆಯ ಎರಡೂ ಅಂಚಿಗೆ ಸಾಲಾಗಿ ಲಿಂಗ, ನಂದಿಗಳನ್ನು ಕೊರೆದಿರುವ ಕಡೆ ವಿಶಾಲವಾದ ಹಾಸುಬಂಡೆಗಳಿವೆ, ಅಲ್ಲಿ ಕುಳಿತುಕೊಳ್ಳಿ. ವಾಲಿವಧೆಯ ನಂತರ ಮಾಲ್ಯವಂತದ ಇಳಿಜಾರಿನಲ್ಲಿ ವಾಸವಾಗಿದ್ದ ರಾಮನು ಲಕ್ಷ್ಮಣನಿಗೆ ಮಳೆಗಾಲವನ್ನು ವರ್ಣಿಸಿದನೆಂದೇ 28ನೆಯ ಸರ್ಗ ತೆರೆದುಕೊಳ್ಳುತ್ತದೆ. ಸ್ಥಳದ ಹೆಸರೂ ಕಾವ್ಯದ ಹೆಸರೂ ಇಷ್ಟು ನೇರವಾಗಿ ಕೂಡುವುದರಿಂದ ಈ ಸರ್ಗವನ್ನು ಮಾತ್ರ ಧಾರಾಳವಾಗಿ ಓದಿ. ಹೊತ್ತು ಉಳಿದರೆ ಶರತ್ಕಾಲದ 30ನೆಯ ಸರ್ಗಕ್ಕೆ ಹೋಗಿ.

ಹಂತ 8: ನಿಲ್ಲಿಸಬೇಕಾದ ಸೂಚನೆಗಳು

ಯಾರಿಗಾದರೂ ತಲೆಸುತ್ತು, ವಾಕರಿಕೆ, ಕಾಲಿನ ಸೆಳೆತ ಬಂದರೆ ಆ ತಾಣವನ್ನು ಅಲ್ಲಿಗೇ ನಿಲ್ಲಿಸಿ ನೆರಳಿಗೆ ಕರೆದೊಯ್ದು, ಓಆರ್‌ಎಸ್ ಕುಡಿಸಿ. ಮಾತು ತೊದಲುತ್ತಿದ್ದರೆ, ಮೈ ಕಾದು ಬೆವರು ನಿಂತಿದ್ದರೆ ಕಾಯದೆ 108ಕ್ಕೆ ಕರೆಮಾಡಿ, ಮೈಯನ್ನು ಒದ್ದೆ ಬಟ್ಟೆಯಿಂದ ತಣಿಸುತ್ತಿರಿ. ಮುಂದಿನವರಿಗೆ ಹಿಂದಿನವರು ಕಾಣದಷ್ಟು ತಂಡ ಚದುರಿದರೆ ಸೀಟಿ ಊದಿ ಎಲ್ಲರನ್ನೂ ಸೇರಿಸಿ, ತಲೆ ಎಣಿಸಿಯೇ ಮುಂದೆ ಹೊರಡಬೇಕು. ಯೋಜನೆಗಿಂತ ಒಂದು ಗಂಟೆ ಹಿಂದೆ ಬಿದ್ದಿದ್ದರೆ ವೇಗ ಹೆಚ್ಚಿಸಬೇಡಿ. ಒಂದು ತಾಣವನ್ನು ಕೈಬಿಡಿ. ಶನಿವಾರ ವಾಲಿ ಕೋಟೆಯನ್ನೂ, ಭಾನುವಾರ ನಿಂಬಾಪುರವನ್ನೂ ಬಿಡಬಹುದು. ಚಿಂತಾಮಣಿ, ಮಾಲ್ಯವಂತಗಳನ್ನು ಬಿಡಬಾರದು.

ಧ್ವನಿವರ್ಧಕ ಬಳಸಬೇಡಿ. ಸಂರಕ್ಷಿತ ಸ್ಮಾರಕಗಳ ಬಳಿ ಡ್ರೋನ್ ಹಾರಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಹಂತ 9: ಮರಳುವುದು

ಸೂರ್ಯಾಸ್ತವಾದ ಅರ್ಧ ಗಂಟೆಯೊಳಗೆ ಮಾಲ್ಯವಂತದಿಂದ ಇಳಿಯಬೇಕು. ಬಳ್ಳಾರಿಯವರು ಹೊಸಪೇಟೆಗೆ ಹಿಂದಿರುಗದೆ ಕಂಪ್ಲಿ, ಕುರುಗೋಡು ಮೇಲೆ ಹೋಗಬಹುದು. ರಾಯಚೂರಿನವರು ಬುಕ್ಕಸಾಗರದ ಸೇತುವೆ ದಾಟಿ ಗಂಗಾವತಿ, ಸಿಂಧನೂರು ದಾರಿ ಹಿಡಿಯಲಿ; ಕೊಪ್ಪಳದವರಿಗೆ ಹೊಸಪೇಟೆ, ಮುನಿರಾಬಾದ್ ಸರಿ. ರೈಲಿಗೆ ಹೋಗುವವರನ್ನು ಮೊದಲು ನಿಲ್ದಾಣಕ್ಕೆ ಬಿಟ್ಟು, ಖರ್ಚಿನ ಲೆಕ್ಕವನ್ನು ಅಲ್ಲೇ ಚುಕ್ತಾ ಮಾಡಿ. ಎರಡು ದಿನ ಬಿಸಿಲಿನಲ್ಲಿ ನಡೆದು ಓದಿದವರು ರಾತ್ರಿ ವಾಹನ ನಡೆಸುವುದು ಅಪಾಯ. ಬಾಡಿಗೆ ಚಾಲಕರನ್ನು ಗೊತ್ತುಮಾಡಿಕೊಳ್ಳಿ, ಮಧ್ಯಾಹ್ನದ ಬಿಡುವಿನಲ್ಲಿ ಅವರಿಗೂ ಮಲಗಲು ಜಾಗ ಮಾಡಿಕೊಡಿ.